ಕಣ್ಣು ಕೆಂಪಾದವರ ಬಾಯಿ ಮುಚ್ಚಿಸಬೇಡಿ

ಲಸಿಕೆಯ ಅಡ್ಡಪರಿಣಾಮದ ಕುರಿತು ಯಾರಾದರೂ ಬಾಯಿ ತೆರೆದರೆ ಸಾಕು, ಅವರನ್ನು ವಿಜ್ಞಾನ ವಿರೋಧಿಯೆಂದೋ ವದಂತಿಕೋರರೆಂದೋ ಜರೆಯುವ ಚಾಳಿ ನಮ್ಮಲ್ಲಿ ಬೆಳೆದಿದೆ. ಲಸಿಕೆಗೆ ಇದಕ್ಕಿಂತ ದೊಡ್ಡ ದ್ರೋಹ ಇನ್ನೊಂದಿಲ್ಲ.

ಕಣ್ಣಿನ ಉರಿಯೂತವನ್ನೇ ನೋಡಿ. ಕಣ್ಣಿನ ಮಧ್ಯಪದರದ ಈ ಬೇನೆಗೆ ವೈದ್ಯರು ಯುವಿಯೈಟಿಸ್ ಎನ್ನುತ್ತಾರೆ. ಹೆಪಟೈಟಿಸ್ ಬಿ, ಫ್ಲೂ, ಎಚ್‌ಪಿವಿ, ಕೋವಿಡ್ ಲಸಿಕೆ ಪಡೆದ ಕೆಲವರಲ್ಲಿ ದಿನಗಳು ಅಥವಾ ವಾರಗಳೊಳಗೆ ಇದು ಕಾಣಿಸಿಕೊಂಡದ್ದನ್ನು ವೈದ್ಯಕೀಯ ಪತ್ರಿಕೆಗಳು ದಾಖಲಿಸಿವೆ. ಇದು ತೀರಾ ಅಪರೂಪ. ಲಸಿಕೆಯ ನಂತರ ಬಂದದ್ದೆಲ್ಲ ಲಸಿಕೆಯಿಂದಲೇ ಬಂದದ್ದು ಎನ್ನಲೂ ಆಗದು; ಕ್ಷಯ, ಕೆಲವು ಬಗೆಯ ಸಂಧಿವಾತಗಳೂ ಇದಕ್ಕೆ ಕಾರಣವಾಗುತ್ತವೆ. ವರದಿಯಾದವರಲ್ಲಿ ಹೆಚ್ಚಿನವರು ಚಿಕಿತ್ಸೆಯಿಂದ ಗುಣಮುಖರಾಗಿದ್ದಾರೆ. ಆದರೆ ತಡಮಾಡಿದರೆ ಕಣ್ಣಿನ ಪೊರೆ, ಗ್ಲುಕೋಮಾ, ಕೊನೆಗೆ ದೃಷ್ಟಿನಾಶವೂ ಆಗಬಹುದು.

ಹೀಗಿರುವಾಗ, 'ಕಣ್ಣು ಕೆಂಪಾಗಿ ನೋವು ಬಂದರೆ, ಬೆಳಕು ಚುಚ್ಚಿದರೆ, ದೃಷ್ಟಿ ಮಂಜಾದರೆ ಕೂಡಲೇ ಕಣ್ಣಿನ ವೈದ್ಯರಿಗೆ ತೋರಿಸಿ, ಲಸಿಕೆ ಪಡೆದದ್ದನ್ನೂ ತಿಳಿಸಿ' ಎಂಬ ಒಂದು ಮಾತು ಹೇಳಲು ಏನು ಕಷ್ಟ? ಇದು ತಿಳಿಯದ ಬಡವ 'ಮದ್ರಾಸ್ ಐ' ಎಂದುಕೊಂಡು ಔಷಧಿ ಅಂಗಡಿಯ ಯಾವುದೋ ಹನಿ ಹಾಕಿಕೊಂಡು ಕೂರುತ್ತಾನೆ.

ಹೇಳಿದರೆ ಜನ ಹೆದರುತ್ತಾರಂತೆ! ಹೇಳದಿದ್ದಾಗ ಹೆದರಲಿಲ್ಲವೇ? 2017ರ ಫೆಬ್ರವರಿಯಲ್ಲಿ ಕರ್ನಾಟಕ, ತಮಿಳುನಾಡು ಮುಂತಾದೆಡೆ ದಡಾರ-ರುಬೆಲ್ಲಾ ಅಭಿಯಾನ ಆರಂಭವಾದಾಗ ವಾಟ್ಸ್‌ಆ್ಯಪ್ ವದಂತಿಗಳಿಗೆ ಬೆದರಿ ಎಷ್ಟೋ ಪೋಷಕರು ಹಿಂದೆ ಸರಿದರು. ನಿಜವೇನೆಂದರೆ ಆ ಚುಚ್ಚುಮದ್ದು ಕಣ್ಣನ್ನೂ ಕಾಯುತ್ತದೆ. ದಡಾರ ಮಗುವನ್ನು ಕುರುಡಾಗಿಸಬಲ್ಲದು. ಗರ್ಭಿಣಿಗೆ ರುಬೆಲ್ಲಾ ತಗುಲಿದರೆ ಮಗು ಕಣ್ಣಿನ ಪೊರೆಯೊಂದಿಗೇ ಹುಟ್ಟಬಹುದು. ಆದರೆ ಸಣ್ಣ ಸತ್ಯವನ್ನು ಮುಚ್ಚಿಟ್ಟವರ ಬಾಯಿಂದ ಬಂದ ದೊಡ್ಡ ಸತ್ಯವನ್ನು ಜನ ಹೇಗೆ ನಂಬಿಯಾರು?

ಲಸಿಕೆಯ ದುಷ್ಪರಿಣಾಮಗಳನ್ನು ಸಾಮಾನ್ಯ ಜನರೂ ಖಾಸಗಿ ವೈದ್ಯರೂ ದಾಖಲಿಸುವಂಥ ವ್ಯವಸ್ಥೆ ಮಾಡಬೇಕೆಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಕೇಂದ್ರಕ್ಕೆ ಆದೇಶಿಸಿತು. ಅದೇ ವರ್ಷದ ನವೆಂಬರ್‌ನಲ್ಲಿ, ಕೋವಿಡ್ ಲಸಿಕೆಯಿಂದ ಸಂಭವಿಸಿದ್ದೆನ್ನಲಾದ ಸಾವುಗಳಿಗೆ ಪರಿಹಾರ ನೀಡುವ ಹೊಣೆ ತನ್ನದಲ್ಲ, ಬೇಕಿದ್ದವರು ಸಿವಿಲ್ ಕೋರ್ಟಿಗೆ ಹೋಗಲಿ ಎಂದು ಕೇಂದ್ರ ಅದೇ ನ್ಯಾಯಾಲಯಕ್ಕೆ ಹೇಳಿತು. ಸಾವಿಗೇ ಈ ಉತ್ತರವಾದರೆ ಕಣ್ಣಿಗೆ ಬೆಲೆ ಕಟ್ಟುವವರು ಯಾರು? ಬ್ರಿಟನ್ 1979ರಲ್ಲಿ, ಅಮೆರಿಕ 1986ರಲ್ಲಿ ಲಸಿಕೆಯಿಂದ ಹಾನಿಗೊಳಗಾದವರ ಪರಿಹಾರಕ್ಕೆ ಕಾನೂನು ಮಾಡಿದವು. ಅದರಿಂದ ಅಲ್ಲಿ ಲಸಿಕೆ ನಿಂತುಹೋಯಿತೇ?

ಲಸಿಕೆ ಹಾಕಿಸಿಕೊಳ್ಳುವವನು ತನ್ನನ್ನಷ್ಟೇ ಕಾಯುವುದಿಲ್ಲ, ನೆರೆಮನೆಯ ಮಗುವನ್ನೂ ಕಾಯುತ್ತಾನೆ. ಹೀಗೆ ಎಲ್ಲರಿಗಾಗಿ ತೋಳು ಚಾಚಿದ ಲಕ್ಷಾಂತರ ಮಂದಿಯಲ್ಲಿ ಒಬ್ಬನ ಕಣ್ಣಿಗೆ ತೊಂದರೆಯಾದರೆ ಅದರ ಹೊರೆಯನ್ನು ಹೊರಬೇಕಾದವರೂ ಎಲ್ಲರೇ. ಲಸಿಕೆ ಹಾಕಿಸಿ, ಖಂಡಿತ ಹಾಕಿಸಿ. ಆದರೆ ಹಾಕುವ ಮುನ್ನ ನಿಜ ಹೇಳಿ, ಹಾಕಿದ ಬಳಿಕ ದೂರು ಕೇಳಿ.