ನನ್ನ ಮಿಷೀನಲ್ಲಿ ಸರಿಯಾಗೇ ಇತ್ತಲ್ಲ!

ಆಫೀಸಿನ ವಿಷಯ ಇಲ್ಲಿ ಬರೆಯಬಾರದು ಅಂತ ನಿಯಮ ಹಾಕಿಕೊಂಡಿದ್ದೆ. "ಕೊರೀತಾನೆ" ಅನ್ನಿಸಿಕೊಳ್ಳೋಕೆ ಯಾರಿಗಿಷ್ಟ ಹೇಳಿ? ಆದರೆ ಇದು ಕನ್ನಡದ ಅಕ್ಷರಕ್ಕೇ ತಗುಲಿಕೊಂಡ ವಿಷಯ. ಹಾಗಾಗಿ ಇವತ್ತೊಂದು ದಿನ ಸಹಿಸಿಕೊಳ್ಳಿ :-)

ಕೆಲವು ವರ್ಷಗಳ ಹಿಂದಿನ ಮಾತು. ಇಂದಿರಾನಗರದ ಒಂದು ಪುಟ್ಟ ಕಂಪನಿಯಲ್ಲಿದ್ದೆ. ಅಂಗಡಿಗಳಲ್ಲಿ ಕೈಯಗಲದ ಬಿಲ್ಲಿಂಗ್ ಮಿಷೀನು ಇಟ್ಟಿರ್ತಾರಲ್ಲ, ಅದರ ತಳದಲ್ಲಿ ಕೆಲಸ ಮಾಡುವ ಲೈಬ್ರರಿ ನಮ್ಮ ತಂಡದ್ದು. ಲೈಬ್ರರಿ ಅಂದ್ರೆ ಪುಸ್ತಕದ್ದಲ್ಲ, ಬೇರೆ ಪ್ರೋಗ್ರಾಮುಗಳು ಕರೆದು ಕೆಲಸ ಮಾಡಿಸಿಕೊಳ್ಳುವ ಕೋಡು. ಅಕ್ಷರ ಎಣಿಸು, ಸಾಲು ಮುರಿ, ಪ್ರಿಂಟರಿಗೆ ಕಳಿಸು... ಇಂಥ ಚಾಕರಿ. ಬರೆದದ್ದೂ ಪರೀಕ್ಷಿಸಿದ್ದೂ ನಮ್ಮ ಮೇಜಿನ ಮೇಲಿದ್ದ ಇಂಟೆಲ್ ಕಂಪ್ಯೂಟರಿನಲ್ಲಿ. ರಾತ್ರಿ ಹೊತ್ತು ನೂರಾರು ಟೆಸ್ಟುಗಳು ತಾವಾಗೇ ಓಡುತ್ತಿದ್ದವು. ಬೆಳಿಗ್ಗೆ ಬಂದು ನೋಡಿದರೆ ಎಲ್ಲಾ ಹಸಿರು. ಕಾಫಿ ಕುಡಿಯೋಕೆ ಹೋಗ್ತಿದ್ವಿ.

ಮೊದಲ ಮಿಷೀನು ಶಿವಾಜಿನಗರದಲ್ಲಿ, ರಸೆಲ್ ಮಾರ್ಕೆಟ್ ಹತ್ತಿರದ ಒಂದು ದಿನಸಿ ಅಂಗಡಿಗೆ ಹೋಯಿತು. ಅದರೊಳಗಿದ್ದದ್ದು ಆರ್ಮ್ ಪ್ರೊಸೆಸರ್. ಇಂಗ್ಲಿಷ್ ಬಿಲ್ಲು ಮುತ್ತಿನಂತೆ ಬಂತು. ತೊಗರಿಬೇಳೆ, ಬೆಲ್ಲ ಅಂತ ಕನ್ನಡದಲ್ಲಿ ಹಾಕಿದರೆ ಮಾತ್ರ ಯಾವ ಭಾಷೆಗೂ ಸೇರದ ಗೀಚು! ನಾನು ಅಂದದ್ದು ನಮ್ಮ ಕಸುಬಿನವರೆಲ್ಲ ಅನ್ನೋ ಮಾತೇ: "ನನ್ನ ಮಿಷೀನಲ್ಲಿ ಸರಿಯಾಗೇ ಇತ್ತಲ್ಲ!"

ಅಂಗಡಿಯವರು ಬೈಯಲಿಲ್ಲ, ಪಾಪ. "ಬಿಡಿ ಸಾರ್, ಇಂಗ್ಲಿಷ್‌ನಲ್ಲೇ ಹಾಕ್ಕೊಡಿ, ಗಿರಾಕಿಗಳು ನಿಂತವ್ರೆ" ಅಂದರು. ಅವರು ಬೈದಿದ್ದರೆ ಚೆನ್ನಾಗಿತ್ತು. ನಮ್ಮ ಮ್ಯಾನೇಜರಿಗೆ ಅಷ್ಟೇ ಸಾಕಾಯಿತು. ಕನ್ನಡದ ಆಯ್ಕೆಯನ್ನೇ ತೆಗೆದುಹಾಕಿದರು, "ಮುಂದಿನ ವರ್ಷನ್ನಿಗೆ ನೋಡೋಣ" ಅಂತ. ಅದು ಮರಳಿ ಬರೋಕೆ ಎಂಟು ತಿಂಗಳು ಹಿಡಿಯಿತು. ತಪ್ಪು ಇದ್ದದ್ದು ಒಂದೇ ಒಂದು ಸಾಲಿನಲ್ಲಿ.

ಆ ಸಾಲಿನ ಕಥೆ ಕೇಳಿ. ನಾವೆಲ್ಲ ಬರೆಯೋ ಯೂನಿಕೋಡಿನಲ್ಲಿ, ಯುಟಿಎಫ್-8 ರೂಪದಲ್ಲಿ, 'ಕ' ಅಂದರೆ ಮೂರು ಬೈಟು: 224, 178, 149. ಕನ್ನಡದ ಯಾವ ಅಕ್ಷರ ತಗೊಂಡರೂ ಮೂರೂ ಬೈಟುಗಳು 127ಕ್ಕಿಂತ ದೊಡ್ಡವು. ಇಂಗ್ಲಿಷಿನ ಅಕ್ಷರಗಳೆಲ್ಲ 127ರ ಒಳಗೇ. ಸಿ ಭಾಷೆಯಲ್ಲಿ 'ಕ್ಯಾರ್' ಅನ್ನೋ ಒಂದು ಬೈಟಿನ ಡಬ್ಬಿಗೆ ಋಣ ಸಂಖ್ಯೆ ಹಿಡಿಯುತ್ತೋ ಇಲ್ಲವೋ ಅನ್ನೋದನ್ನು ಭಾಷೆಯ ನಿಯಮವೇ ತೀರ್ಮಾನಿಸಿಲ್ಲ, ಕಂಪೈಲರಿಗೆ ಬಿಟ್ಟಿದೆ. ಇಂಟೆಲ್ ಮೇಲಿನ ಲಿನಕ್ಸಿನಲ್ಲಿ ಹಿಡಿಯುತ್ತೆ, ಹಾಗಾಗಿ 224 ಅಲ್ಲಿ -32 ಆಗುತ್ತೆ. ಆರ್ಮ್ ಮೇಲಿನ ಲಿನಕ್ಸಿನಲ್ಲಿ ಹಿಡಿಯಲ್ಲ, 224 ಅಲ್ಲಿ 224ಆಗೇ ಉಳಿಯುತ್ತೆ. ನಮ್ಮ ಕೋಡು "ಸೊನ್ನೆಗಿಂತ ಕಡಿಮೆ ಇದ್ದರೆ ಇಂಗ್ಲಿಷಲ್ಲ, ಮೂರು ಬೈಟು ಒಟ್ಟಿಗೆ ತಗೋ" ಅಂತಿತ್ತು. ಆರ್ಮಿನಲ್ಲಿ ಆ ಷರತ್ತು ಯಾವತ್ತೂ ನಿಜವಾಗಲ್ಲ. 'ಕ' ಮೂರು ತುಂಡಾಗಿ ಪ್ರಿಂಟರಿಗೆ ಹೋಯಿತು. ಕಂಪೈಲರಿಗೆ ಹೆಚ್ಚುವರಿ ಎಚ್ಚರಿಕೆ ಕೊಡು ಅಂತ ಹೇಳಿದ್ದರೆ ಅದೇ ಗೊಣಗಿರುತ್ತಿತ್ತು. ನಾವು ಹೇಳಿರಲಿಲ್ಲ.

ಈಗ ನನ್ನ ತಕರಾರಿಗೆ ಬರ್ತೀನಿ. ಲೈಬ್ರರಿಯನ್ನು ಒಂದೇ ಜಾತಿಯ ಪ್ರೊಸೆಸರಿನ ಮೇಲೆ ಇಂಗ್ಲಿಷ್ ಪದಗಳನ್ನಷ್ಟೇ ಕೊಟ್ಟು ಪರೀಕ್ಷಿಸಿ "ಆಯಿತು" ಅನ್ನೋದಿದೆಯಲ್ಲ, ಅದರ ದಂಡ ಕಟ್ಟೋದು ಇಂಗ್ಲಿಷಲ್ಲ, ಕನ್ನಡ. ಅಂಥ ತಪ್ಪುಗಳು ಇಂಗ್ಲಿಷಿನ ಅಕ್ಷರಗಳಲ್ಲಿ ಕಾಣೋದೇ ಇಲ್ಲ. 2025ರ ಆಗಸ್ಟಿನಲ್ಲಿ ಬಂದ ಡೆಬಿಯನ್ 13 ಏಳು ಬಗೆಯ ಪ್ರೊಸೆಸರುಗಳಿಗೆ ಅಧಿಕೃತ ಬೆಂಬಲ ಕೊಡುತ್ತೆ: ಇಂಟೆಲ್-ಎಎಂಡಿ 64 ಬಿಟ್, ಆರ್ಮಿನ ಮೂರು ಬಗೆ, ಐಬಿಎಂನ ಪವರ್, ಅದೇ ಐಬಿಎಂನ ಮೇನ್‌ಫ್ರೇಮು, ಮತ್ತೆ ಇದೇ ಮೊದಲ ಸಲ ರಿಸ್ಕ್-ಫೈವ್. ಈ ಏಳರಲ್ಲಿ ಕ್ಯಾರ್ ಡಬ್ಬಿಗೆ ಋಣ ಸಂಖ್ಯೆ ಹಿಡಿಯೋದು ಒಂದರಲ್ಲಿ ಮಾತ್ರ, ನಮ್ಮ ಮೇಜಿನ ಮೇಲಿರೋ ಅದೇ ಇಂಟೆಲ್ಲಿನಲ್ಲಿ! ನಾವು ಮಾಮೂಲು ಅಂದುಕೊಂಡಿದ್ದೇ ಒಂಟಿ ಪಿಶಾಚಿ.

ಬೈಟುಗಳ ಕ್ರಮದ ರಗಳೆ ಇನ್ನೊಂದು. ಎರಡು ಬೈಟಿನ ಯುಟಿಎಫ್-16ರಲ್ಲಿ 'ಕ' ಅಂದರೆ 12, 149. ಕೆಲವು ಪ್ರೊಸೆಸರು ದೊಡ್ಡ ತುದಿ ಮೊದಲು ಇಡುತ್ತವೆ, ಕೆಲವು ಚಿಕ್ಕದು. ಅದಲುಬದಲಾಗಿ 149, 12 ಅಂತ ಓದಿಕೊಂಡರೆ ಅದು ಸತು ಅನ್ನೋ ಲೋಹದ ಚೀನೀ ಅಕ್ಷರ. ಕನ್ನಡದ ಕ ಹೋಗಿ ಚೀನಾದ ಸತು ಬಂತು, ನೋಡಿ :D

ಆಗ ನನ್ನ ಮನೆ ಕೆ.ಆರ್.ಪುರದಲ್ಲಿ. ದಿನಾ ಸಂಜೆ ಬಸ್ಸು ಹಳೇ ಮದ್ರಾಸ್ ರಸ್ತೆಯಲ್ಲಿ ತೆವಳುವಾಗ ಬೈಯ್ಯಪ್ಪನಹಳ್ಳಿ ಹತ್ತಿರದ ಸಿ-ಡ್ಯಾಕ್ ಕಣ್ಣಿಗೆ ಬೀಳುತ್ತಿತ್ತು. ಪರಮ್ ಪದ್ಮ ಸೂಪರ್ ಕಂಪ್ಯೂಟರ್ ಇದ್ದದ್ದು ಅಲ್ಲೇ. 2003ರ ಜೂನ್‌ನಲ್ಲಿ ಜಗತ್ತಿನ 500 ವೇಗದ ಕಂಪ್ಯೂಟರುಗಳ ಪಟ್ಟಿಯಲ್ಲಿ ಅದಕ್ಕೆ 171ನೇ ಸ್ಥಾನ. ನನಗೆ ಹೆಚ್ಚು ಕುತೂಹಲ ಅದರ ವಂಶಾವಳಿ ಮೇಲೆ. 1991ರ ಪರಮ್ 8000ದಲ್ಲಿ ಟ್ರಾನ್ಸ್‌ಪ್ಯೂಟರ್ ಚಿಪ್ಪುಗಳು, 1998ರ ಪರಮ್ 10000ದಲ್ಲಿ ಸನ್ ಕಂಪನಿಯ ಅಲ್ಟ್ರಾಸ್ಪಾರ್ಕ್, ಪದ್ಮದಲ್ಲಿ ಐಬಿಎಂನ ಪವರ್4, 2008ರ ಪುಣೆಯ ಪರಮ್ ಯುವದಲ್ಲಿ ಇಂಟೆಲ್. ಚಿಕ್ಕ ತುದಿಯಿಂದ ದೊಡ್ಡದಕ್ಕೆ, ಮತ್ತೆ ವಾಪಸ್ ಚಿಕ್ಕದಕ್ಕೆ! ಈ ಸಾಲಿನ ಕಂಪ್ಯೂಟರುಗಳಿಗೆ ಸಿ-ಡ್ಯಾಕ್ ತನ್ನದೇ ಸಂದೇಶ ಸಾಗಣೆಯ ಲೈಬ್ರರಿಯನ್ನೂ ಬರೆದುಕೊಂಡಿತ್ತು, ಸಿ-ಎಂಪಿಐ ಅಂತ. ಚಿಪ್ಪು ಹತ್ತು ವರ್ಷ ಬಾಳಲ್ಲ, ಅದರ ಮೇಲಿನ ಲೈಬ್ರರಿ ಅದಕ್ಕಿಂತ ಹೆಚ್ಚು ಬಾಳಬೇಕು. ನಮ್ಮ ಬಿಲ್ಲಿಂಗ್ ಮಿಷೀನಿಗೂ ಅದೇ ಕಥೆ. ಎರಡು ವರ್ಷಕ್ಕೊಮ್ಮೆ ಯಾವ ಚಿಪ್ಪು ಅಗ್ಗವೋ ಅದು.

"ಒಂದೇ ಜಾತಿಯಲ್ಲಾದರೂ ನೆಮ್ಮದಿ ಇದೆಯಲ್ಲ" ಅಂತೀರಾ? ಅದೂ ಇಲ್ಲ. 2010ರಲ್ಲಿ ಫೆಡೋರಾ 14 ಬಂದಾಗ 64 ಬಿಟ್ ಕಂಪ್ಯೂಟರುಗಳಲ್ಲಿ ಫ್ಲ್ಯಾಶ್ ವಿಡಿಯೋದ ಸದ್ದು ಕರಕರ ಅನ್ನತೊಡಗಿತು. ಕಾರಣ ಗ್ನೂ ಸಿ ಲೈಬ್ರರಿಯ ಮೆಮ್‌ಕಾಪಿ. ಕೆಲವು ಮಾದರಿಯ ಪ್ರೊಸೆಸರುಗಳಿಗೆ ಅಂತಲೇ ಬರೆದ ವೇಗದ ಆವೃತ್ತಿ ಬೈಟುಗಳನ್ನು ಹಿಂದಿನಿಂದ ಮುಂದಕ್ಕೆ ನಕಲು ಮಾಡುತ್ತಿತ್ತು. ನಿಯಮದ ಪ್ರಕಾರ ತಪ್ಪು ಫ್ಲ್ಯಾಶಿನದ್ದೇ. ಲೈನಸ್ ಟೋರ್ವಾಲ್ಡ್ಸ್ ಮಾತ್ರ ಲೈಬ್ರರಿಯವರ ಜೊತೆ ಜಗಳಕ್ಕೇ ನಿಂತರು. ನಾನು ಲೈನಸ್ ಪಕ್ಷ. ಹಾಡು ಕೇಳೋಕೆ ಕೂತವನಿಗೆ ನಿಯಮ ಓದಿ ಹೇಳಿ ಏನು ಪ್ರಯೋಜನ?

ದುಡ್ಡು ಎಲ್ಲಿಂದ ತರೋದು ಅನ್ನೋದು ಮ್ಯಾನೇಜರುಗಳ ಪ್ರಶ್ನೆ. ಕ್ಯೂಎಮು ಅನ್ನೋ ಎಮ್ಯುಲೇಟರು ಪುಕ್ಕಟೆ. ಇಂಟೆಲ್ ಕಂಪ್ಯೂಟರಿನೊಳಗೇ ಆರ್ಮ್, ರಿಸ್ಕ್-ಫೈವ್, ಮೇನ್‌ಫ್ರೇಮು ಎಲ್ಲದರ ವೇಷ ಹಾಕುತ್ತೆ. ನಮ್ಮ ಕ್ಯಾರ್ ತಪ್ಪನ್ನಾಗಲಿ ಸತುವಿನ ತಪ್ಪನ್ನಾಗಲಿ ಹಿಡಿಯೋಕೆ ಧಾರಾಳ ಸಾಕು. ಆದರೆ ವೇಷ ವೇಷವೇ. ನಾಲ್ಕಾರು ಕೋರುಗಳು ಒಂದೇ ನೆನಪನ್ನು ಒಟ್ಟಿಗೆ ಮುಟ್ಟುವಾಗ ಆರ್ಮ್ ಬರಹಗಳ ಕ್ರಮವನ್ನು ಇಂಟೆಲ್‌ಗಿಂತ ಹೆಚ್ಚು ಸಡಿಲ ಬಿಡುತ್ತೆ, ಆ ತಪ್ಪುಗಳು ವೇಷದಲ್ಲಿ ಅಡಗಿಬಿಡಬಹುದು. ಅದಕ್ಕೆ ನಿಜವಾದ ಬೋರ್ಡೇ ಬೇಕು. ಮುಕ್ತ ತಂತ್ರಾಂಶ ಬರೆಯೋರಿಗೆ ಜಿಸಿಸಿ ಕಂಪೈಲ್ ಫಾರ್ಮ್‌ನವರು ಪವರ್, ಸ್ಪಾರ್ಕ್ ಕಂಪ್ಯೂಟರುಗಳನ್ನೂ ಬಳಸೋಕೆ ಬಿಡ್ತಾರೆ. ಉಳಿದವರು ಬೋರ್ಡು ಕೊಳ್ಳಲಿ ಬಿಡಿ.

ಆ ಕಂಪನಿ ಬಿಟ್ಟ ಮೇಲೆ ನಾನೂ ಒಂದು ರಾಸ್ಪ್‌ಬೆರಿ ಪೈ ತಂದು ಮನೆಯ ಶೆಲ್ಫಿನಲ್ಲಿ ಕೂರಿಸಿದೆ. ನಾನು ಕೈಹಾಕುವ ಚಿಕ್ಕಪುಟ್ಟ ಲೈಬ್ರರಿಗಳ ಟೆಸ್ಟು ರಾತ್ರಿ ಅದರ ಮೇಲೂ, ನಾಲ್ಕು ವೇಷಗಳ ಮೇಲೂ ಓಡುತ್ತೆ. ಟೆಸ್ಟಿನ ಪದಪಟ್ಟಿಯಲ್ಲಿ ಕನ್ನಡವೇ ಹೆಚ್ಚು. ಅರ್ಕಾವತ್ತು ಕಾಡಿಸೋ 'ಸೂರ್ಯ' ಇದೆ, ನಮ್ಮನ್ನೆಲ್ಲ ಗೋಳುಹೊಯ್ದುಕೊಂಡ 'ರ‍್ಯಾಂಕ್' ಇದೆ, 'ಸ್ತ್ರೀ' ಇದೆ. ಮೊದಲನೇ ಸಾಲು ಮಾತ್ರ 'ತೊಗರಿಬೇಳೆ'. ಹೋದ ವಾರ ಅದು ಮೇನ್‌ಫ್ರೇಮಿನ ವೇಷದಲ್ಲಿ ಮಾತ್ರ ಕೆಂಪಾಗಿತ್ತು. ಹುಡುಕಿದರೆ ತಪ್ಪು ನಂದೇ, ಅದೇ ಬೈಟುಗಳ ಕ್ರಮ. ಸರಿಮಾಡಿ ಮಲಗುವಾಗ ಗಂಟೆ ಎರಡು.