ಮನೆಯಿಂದಲೇ ಪಾಠ: ತಂತ್ರಾಂಶ ಆರಿಸುವ ಮುನ್ನ

ಶಿಕಾರಿಪುರ ತಾಲ್ಲೂಕಿಗೆ ವಿದ್ಯೆಯ ದೊಡ್ಡ ಚರಿತ್ರೆಯಿದೆ. ಕದಂಬ ವಂಶದ ಮಯೂರಶರ್ಮ ಹೆಚ್ಚಿನ ಓದಿಗಾಗಿ ದೂರದ ಕಂಚಿಯ ಘಟಿಕೆಗೆ ಹೋದ ಸಂಗತಿಯನ್ನು ತಾಳಗುಂದದ ಸ್ತಂಭಶಾಸನ ತಿಳಿಸುತ್ತದೆ. ಬಳ್ಳಿಗಾವಿಯ ಕೋಡಿಯ ಮಠದ 1162ರ ಶಾಸನವು ಅಲ್ಲಿ ಕಲಿಸುತ್ತಿದ್ದ ವ್ಯಾಕರಣ, ದರ್ಶನ, ಪುರಾಣಗಳ ಪಟ್ಟಿಯನ್ನೇ ಕೊಡುತ್ತದೆ. ಬಡವರಿಗೆ ಅನ್ನ, ರೋಗಿಗಳಿಗೆ ಔಷಧ ಸಿಗುತ್ತಿದ್ದುದನ್ನೂ ಹೇಳುತ್ತದೆ. ವಿದ್ಯೆಯ ಜಾಗದಲ್ಲಿ ಯಾರಿಗೆ ಏನು ಸಿಗುತ್ತದೆ ಎಂಬುದು ಎಲ್ಲರಿಗೂ ಕಾಣುವಂತೆ ಕಲ್ಲಿನಲ್ಲಿ ಬರೆದಿತ್ತು.

ಈಗ ವಿದ್ಯೆಗಾಗಿ ಕಂಚಿಗೆ ನಡೆಯಬೇಕಾಗಿಲ್ಲ. 2020ರಲ್ಲಿ ಕೊರೊನಾದಿಂದ ಶಾಲೆಗಳು ಮುಚ್ಚಿದಾಗ ಚಂದನ ವಾಹಿನಿಯ ‘ಸೇತುಬಂಧ’ ಪಾಠಗಳನ್ನು ಮಕ್ಕಳು ಮನೆಯಲ್ಲೇ ಕುಳಿತು ನೋಡಿದರು. ಮಲೆನಾಡಿನ ಹಲವು ಹಳ್ಳಿಗಳಲ್ಲಿ ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತಿದ ವಿದ್ಯಾರ್ಥಿಗಳೂ ಇದ್ದರು. ಅಂದು ಮೊಬೈಲಿನಲ್ಲಿ ಪಾಠ ಕೇಳಿದವರಲ್ಲಿ ಕೆಲವರು ಈಗ ಪದವೀಧರರು. ಕೆಲಸಕ್ಕಾಗಿ ಬೆಂಗಳೂರಿನ ಬಸ್ಸು ಹತ್ತುವ ಬದಲು ಊರಿನಲ್ಲೇ ಕುಳಿತು ಪಾಠ ಹೇಳಿ ಸಂಪಾದಿಸಬಹುದಲ್ಲ ಎಂಬ ಆಲೋಚನೆ ಅವರಿಗೆ ಬಂದರೆ ಆಶ್ಚರ್ಯವಿಲ್ಲ. ಎಸ್ಸೆಸ್ಸೆಲ್ಸಿ ಗಣಿತವಿರಲಿ, ಪಿಯುಸಿ ಲೆಕ್ಕಶಾಸ್ತ್ರವಿರಲಿ, ಸೊರಬದ ಗುಡಿಗಾರರ ಗಂಧದ ಕೆತ್ತನೆಯೇ ಇರಲಿ, ಕಲಿಯಬೇಕೆನ್ನುವವರು ಎಲ್ಲ ಕಡೆ ಇದ್ದಾರೆ.

ಈ ಆಲೋಚನೆ ಒಳ್ಳೆಯದೇ. ಆದರೆ ಮೊದಲ ವರ್ಷದ ಖರ್ಚು ಬರುವುದು ಸಾಮಾನ್ಯವಾಗಿ ಅಪ್ಪನ ಅಡಿಕೆಯ ದುಡ್ಡಿನಿಂದ ಅಥವಾ ಅಮ್ಮನ ಸ್ವಸಹಾಯ ಸಂಘದ ಸಾಲದಿಂದ. ಅದರ ಮೇಲೆ ಬೇರೆಯವರ ಮಕ್ಕಳ ಶುಲ್ಕವೂ ಕೈಗೆ ಬರುತ್ತದೆ. ಆದ್ದರಿಂದ ತಂತ್ರಾಂಶ ಆರಿಸುವ ಕೆಲಸವನ್ನು ಬಣ್ಣದ ಜಾಹೀರಾತಿಗೆ ಬಿಟ್ಟುಕೊಡಬಾರದು.

ಮೊದಲು ಈ ತಂತ್ರಾಂಶವೆಂದರೆ ಏನು ಎಂಬುದನ್ನು ನೋಡೋಣ. 2003ರಲ್ಲಿ ಆರಂಭವಾದ ವರ್ಡ್‌ಪ್ರೆಸ್ ಎಂಬುದು ಜಾಲತಾಣ ಕಟ್ಟುವ ಉಚಿತ ತಂತ್ರಾಂಶ. ಅದನ್ನು ಖಾಲಿ ಮನೆಯೆಂದು ತಿಳಿಯಬಹುದು. ಆ ಮನೆಯಲ್ಲಿ ಟ್ಯೂಷನ್ ನಡೆಯಬೇಕಾದರೆ ಬೆಂಚು, ಕರಿಹಲಗೆ, ಹಾಜರಿ ಪುಸ್ತಕ, ರಸೀತಿ ಪುಸ್ತಕ ಎಲ್ಲವೂ ಬೇಕು. ಇವನ್ನು ಒದಗಿಸುವ ಜೋಡಣೆಯೇ ಕಲಿಕೆಯ ಪ್ಲಗಿನ್. ಪಾಠಗಳನ್ನು ಕ್ರಮವಾಗಿ ಜೋಡಿಸುವುದು, ಶುಲ್ಕ ಕಟ್ಟಿದವರಿಗೆ ಮಾತ್ರ ತೆರೆಯುವುದು, ಪರೀಕ್ಷೆ ನಡೆಸಿ ಅಂಕ ಬರೆದಿಡುವುದು, ಪ್ರಮಾಣಪತ್ರ ಕೊಡುವುದು ಇದರ ಕೆಲಸ.

ಇಂಥ ಪ್ಲಗಿನ್‌ಗಳು ಹಲವಾರಿವೆ. ಲರ್ನ್‌ಡ್ಯಾಶ್ ಎಂಬುದಕ್ಕೆ ಡಾಲರ್ ಲೆಕ್ಕದಲ್ಲಿ ವರ್ಷವರ್ಷವೂ ಪರವಾನಗಿ ಶುಲ್ಕ ಕಟ್ಟಬೇಕು. ಟ್ಯೂಟರ್ ಎಲ್‌ಎಮ್‌ಎಸ್, ಲಿಫ್ಟರ್ ಎಲ್‌ಎಮ್‌ಎಸ್, ಲರ್ನ್‌ಪ್ರೆಸ್, ಸೆನ್ಸೈ ಇವುಗಳ ಮೂಲ ರೂಪ ಉಚಿತ. ಹೆಚ್ಚಿನ ಸೌಲಭ್ಯಗಳಿಗೆ ಹಣ ಕೊಡಬೇಕು. ವರ್ಡ್‌ಪ್ರೆಸ್ ಬೇಡವೆನ್ನುವವರಿಗೆ 2002ರಲ್ಲಿ ಹೊರಬಂದ ಮೂಡಲ್ ಇದೆ. ಅದು ಪೂರ್ತಿ ಉಚಿತ, ಅನೇಕ ಕಾಲೇಜುಗಳು ಬಳಸುತ್ತವೆ. ಆದರೆ ಅದು ಶಾಲೆ ನಡೆಸಲು ಹುಟ್ಟಿದ್ದೇ ಹೊರತು ಅಂಗಡಿ ನಡೆಸಲು ಅಲ್ಲ; ಒಬ್ಬರೇ ನಿಭಾಯಿಸಲು ತುಸು ಭಾರ.

ಇವುಗಳಲ್ಲಿ ಯಾವುದು ಶ್ರೇಷ್ಠ ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಕುಳಿತರೆ ತಿಂಗಳುಗಳೇ ಕಳೆದುಹೋಗುತ್ತವೆ. ಸೌಲಭ್ಯಗಳ ಪಟ್ಟಿಯಲ್ಲಿ ಎಲ್ಲವೂ ಒಂದನ್ನೊಂದು ಹೋಲುತ್ತವೆ. ಪಟ್ಟಿಯನ್ನು ಪಕ್ಕಕ್ಕಿಟ್ಟು, ಕಲಿಯುವವರ ಮನೆಯಿಂದ ಲೆಕ್ಕ ಹಿಡಿಯುವುದು ಲೇಸು. ಅದಕ್ಕೆ ಮೂರು ಪ್ರಶ್ನೆಗಳು ಸಾಕು.

ಮೊದಲನೆಯದು, ಆ ಮನೆಯವರು ಶುಲ್ಕ ಹೇಗೆ ಕಟ್ಟುತ್ತಾರೆ? ಆನವಟ್ಟಿಯ ರೈತನ ಮನೆಯಲ್ಲಿ ಕ್ರೆಡಿಟ್ ಕಾರ್ಡು ಇರಲಿಕ್ಕಿಲ್ಲ, ಫೋನಿನಲ್ಲಿ ಯುಪಿಐ ಇರುತ್ತದೆ. ವಿದೇಶದಲ್ಲಿ ತಯಾರಾದ ಪ್ಲಗಿನ್‌ಗಳು ಬಹಳ ಮಟ್ಟಿಗೆ ಪೇಪ್ಯಾಲ್, ಸ್ಟ್ರೈಪ್ ಇವನ್ನೇ ನಂಬಿಕೊಂಡು ಬೆಳೆದವು. ಪೇಪ್ಯಾಲ್ ಭಾರತದೊಳಗಿನ ಪಾವತಿಯನ್ನು 2021ರ ಏಪ್ರಿಲ್ 1ರಿಂದ ನಿಲ್ಲಿಸಿತು. ಹೀಗಿರುವಾಗ ರೇಜರ್‌ಪೇಯಂಥ ಭಾರತೀಯ ಪಾವತಿ ಸಂಸ್ಥೆಯೊಂದಿಗೆ ನೇರವಾಗಿ ಹೊಂದುವ ಪ್ಲಗಿನ್ ಬೇಕು; ಇಲ್ಲವೇ ವೂಕಾಮರ್ಸ್ ಎಂಬ ಉಚಿತ ಅಂಗಡಿ ಪ್ಲಗಿನ್ ಮೂಲಕವಾದರೂ ಹೊಂದಬೇಕು. ಉಚಿತ ಎಂದು ಇಳಿಸಿಕೊಂಡ ಮೇಲೆ ಹಣ ಪಡೆಯುವ ಭಾಗಕ್ಕೇ ಬೆಲೆ ಇದೆ ಎಂದು ಗೊತ್ತಾಗುವುದುಂಟು. ಆದ್ದರಿಂದ ಇದನ್ನು ಮೊದಲೇ ನೋಡಿಕೊಳ್ಳಬೇಕು.

ಖರ್ಚಿನ ಲೆಕ್ಕವನ್ನೂ ಕಾಗದದ ಮೇಲೆ ಹಾಕಿ ನೋಡಬೇಕು. 500 ರೂಪಾಯಿಯಂತೆ 20 ಮಂದಿ ಸೇರಿದರೆ 10,000 ರೂಪಾಯಿ. ಪಾವತಿ ಸಂಸ್ಥೆ ನೂರಕ್ಕೆ 2 ರೂಪಾಯಿ ಹಿಡಿದುಕೊಂಡರೆ 200, ಅದರ ಮೇಲೆ ಶೇ 18ರ ಜಿಎಸ್‌ಟಿ 36, ಕೈಗೆ ಬರುವುದು 9,764. ಇದರಲ್ಲಿ ಜಾಲತಾಣದ ಬಾಡಿಗೆ, ಹೆಸರಿನ ನೋಂದಣಿ, ಪ್ಲಗಿನ್ನಿನ ವಾರ್ಷಿಕ ಶುಲ್ಕ ಎಲ್ಲ ಕಳೆಯಬೇಕು. ಕರ್ನಾಟಕದಲ್ಲಿ ಸೇವೆಯ ವಹಿವಾಟು ವರ್ಷಕ್ಕೆ 20 ಲಕ್ಷ ರೂಪಾಯಿ ದಾಟುವವರೆಗೆ ಸಾಮಾನ್ಯವಾಗಿ ಜಿಎಸ್‌ಟಿ ನೋಂದಣಿಯ ಅಗತ್ಯ ಬೀಳುವುದಿಲ್ಲವೆಂಬುದು ಸಮಾಧಾನದ ವಿಷಯ. ಹಾಸಿಗೆ ಇದ್ದಷ್ಟೇ ಕಾಲು ಚಾಚಬೇಕೆಂಬ ಮಾತು ಇಲ್ಲಿಯೂ ನಿಜ. ಮೊದಲ ವರ್ಷ ಉಚಿತ ರೂಪದಲ್ಲೇ ನಡೆಸಿ, ಕಲಿಯುವವರು ಬಂದ ಮೇಲೆ ಬೆಲೆಯ ರೂಪಕ್ಕೆ ಹೋಗಬಹುದು.

ಎರಡನೆಯದು, ಆ ಮನೆಯಲ್ಲಿ ಪಾಠ ತೆರೆಯುತ್ತದೆಯೇ? ಮನೆಗೊಂದೇ ಫೋನು, ಅದೂ ಅಪ್ಪ ತೋಟದಿಂದ ಬಂದ ಮೇಲೆ ಮಕ್ಕಳ ಕೈಗೆ. ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದು ಮಲೆನಾಡಿಗೆ ಹೊಸತಲ್ಲ. ಸೆಕೆಂಡಿಗೆ 500 ಕಿಲೊಬಿಟ್‌ನಂತೆ ಹರಿಯುವ ವಿಡಿಯೊ ಒಂದು ಗಂಟೆಗೆ ಸುಮಾರು 225 ಎಂಬಿ ತಿನ್ನುತ್ತದೆ. ಅದೇ ಪಾಠವನ್ನು 64 ಕಿಲೊಬಿಟ್‌ನ ಧ್ವನಿಯಾಗಿ ಕೊಟ್ಟರೆ 29 ಎಂಬಿ ಸಾಕು. ಆದ್ದರಿಂದ ವಿಡಿಯೊದ ಜೊತೆಗೆ ಧ್ವನಿ ಮತ್ತು ಬರೆದ ಟಿಪ್ಪಣಿಯನ್ನೂ ಸೇರಿಸಲು ಬರುವ, ಅಗ್ಗದ ಫೋನಿನಲ್ಲೂ ಬೇಗ ತೆರೆಯುವ ಪ್ಲಗಿನ್ ಆಗಬೇಕು. ‘ಮುಂದಿನ ಪಾಠ’, ‘ಉತ್ತರ ಸಲ್ಲಿಸಿ’ ಎಂಬ ಗುಂಡಿಗಳ ಮೇಲಿನ ಮಾತುಗಳನ್ನು ಕನ್ನಡಕ್ಕೆ ಬದಲಿಸಲು ಅವಕಾಶವಿದೆಯೇ ಎಂಬುದನ್ನೂ ನೋಡಬೇಕು. ಗಣಿತವನ್ನು ಕನ್ನಡದಲ್ಲಿ ಕಲಿಸಿ ಗುಂಡಿಯನ್ನು ಮಾತ್ರ ಇಂಗ್ಲಿಷಿನಲ್ಲಿ ಇಟ್ಟರೆ ಹಳ್ಳಿಯ ಹುಡುಗಿ ಅಲ್ಲೇ ನಿಂತುಬಿಡುತ್ತಾಳೆ.

ಮೂರನೆಯದೇ ಎಲ್ಲಕ್ಕಿಂತ ಮುಖ್ಯವಾದದ್ದು. ನಾಳೆ ಈ ಪ್ಲಗಿನ್ ನಿಂತುಹೋದರೆ ಅಥವಾ ಬಿಡಬೇಕಾಗಿ ಬಂದರೆ ಮಕ್ಕಳ ಹೆಸರು, ಪಾಠ, ಅಂಕಗಳ ಗತಿಯೇನು? ದೊಡ್ಡವರೂ ಬೀಳುತ್ತಾರೆ. 2011ರಲ್ಲಿ ಬೆಂಗಳೂರಿನಲ್ಲಿ ಆರಂಭವಾಗಿ ದೇಶದಲ್ಲೆಲ್ಲ ಹೆಸರು ಮಾಡಿದ ಬೈಜೂಸ್ ಸಂಸ್ಥೆಯ ಮೇಲೆ 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆ ಆರಂಭವಾಯಿತು. ಒಬ್ಬರೇ ನಡೆಸುವ ಶಾಲೆ ಕಾಯಿಲೆಯಿಂದಲೋ ಮದುವೆಯಿಂದಲೋ ನೌಕರಿ ಸಿಕ್ಕಿದ್ದರಿಂದಲೋ ನಿಲ್ಲಬಹುದು. “ಸರ್, ವರ್ಷದ ಫೀಸು ಕಟ್ಟೀವಿ, ಪಾಠ ಮೂರೇ ತಿಂಗಳಿಗೆ ನಿಂತೋಯ್ತಲ್ಲ” ಎಂದು ಪಕ್ಕದೂರಿನ ತಾಯಿಯೊಬ್ಬರು ಕೇಳಿದರೆ ಉತ್ತರ ಕೊಡುವವರು ಅಮೆರಿಕದ ತಂತ್ರಾಂಶದವರಲ್ಲ. ಸಂತೆಯಲ್ಲಿ ಎದುರಾಗುವುದು ಕಲಿಸಿದವರಿಗೇ.

ವರ್ಡ್‌ಪ್ರೆಸ್ಸಿನ ಪ್ಲಗಿನ್‌ಗಳಿಗೆ ಈ ವಿಷಯದಲ್ಲಿ ಒಂದು ಅನುಕೂಲವಿದೆ. ವರ್ಷದ ಪರವಾನಗಿ ಮುಗಿದರೂ ಸಾಮಾನ್ಯವಾಗಿ ಪಾಠಗಳು ನಡೆಯುತ್ತಲೇ ಇರುತ್ತವೆ. ಹೊಸ ಪರಿಷ್ಕರಣೆ ಮತ್ತು ನೆರವು ಮಾತ್ರ ನಿಲ್ಲುತ್ತವೆ. ಪರಿಷ್ಕರಣೆ ಇಲ್ಲದ ತಂತ್ರಾಂಶ ಕಳ್ಳರಿಗೆ ಬಾಗಿಲು ತೆರೆದಂತೆ ಎಂಬುದನ್ನೂ ಮರೆಯಬಾರದು. ಆದರೆ ಪರೀಕ್ಷೆ, ಅಂಕ, ಯಾರು ಎಲ್ಲಿಯವರೆಗೆ ಕಲಿತರು ಎಂಬ ವಿವರಗಳನ್ನು ಒಂದೊಂದು ಪ್ಲಗಿನ್ನೂ ತನ್ನದೇ ರೀತಿಯಲ್ಲಿ ಇಟ್ಟುಕೊಳ್ಳುತ್ತದೆ. ಒಂದರಿಂದ ಇನ್ನೊಂದಕ್ಕೆ ಅವು ಸುಲಭವಾಗಿ ಹೋಗವು. ಆದ್ದರಿಂದ ಕೊಳ್ಳುವ ಮೊದಲೇ ಹೆಸರು ಮತ್ತು ಅಂಕಗಳ ಪಟ್ಟಿಯನ್ನು ಹೊರತೆಗೆದು ನೋಡಬೇಕು. ವಿಡಿಯೊ ಮತ್ತು ಪ್ರಶ್ನೆಪತ್ರಿಕೆಗಳ ಮೂಲ ಪ್ರತಿ ಮನೆಯ ಗಣಕದಲ್ಲೂ ಇನ್ನೊಂದು ಕಡೆಯಲ್ಲೂ ಇರಬೇಕು. ವರ್ಷದ ಶುಲ್ಕದ ಬದಲು ತಿಂಗಳಿಗೆ ಅಥವಾ ಅಧ್ಯಾಯಕ್ಕೆ ಇಷ್ಟು ಎಂದು ಇಟ್ಟರೆ ಹಿಂದಿರುಗಿಸುವ ಹೊರೆಯೂ ಹಗುರ.

ಹಣ ಕಟ್ಟುವ ಪೋಷಕರೂ ಇದೇ ಮೂರು ಪ್ರಶ್ನೆಗಳನ್ನು ಕೇಳಬೇಕು. ಶುಲ್ಕ ಹಿಂದಿರುಗಿಸುವ ನಿಯಮ ಬರಹದಲ್ಲಿ ಇದೆಯೇ, ಒಂದು ಪಾಠ ಉಚಿತವಾಗಿ ನೋಡಲು ಸಿಗುತ್ತದೆಯೇ, ಮಗುವಿನ ಹೆಸರು, ಫೋನ್ ನಂಬರು ಏಕೆ ಬೇಕು ಎಂದು ವಿಚಾರಿಸಬೇಕು. 18 ವರ್ಷದೊಳಗಿನವರ ಮಾಹಿತಿಗೆ ಪೋಷಕರ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಹೇಳುತ್ತದೆ. ನೂರಕ್ಕೆ ನೂರು ಫಲಿತಾಂಶದ ಭರವಸೆ ಕೊಡುವ ಕೋಚಿಂಗ್ ಜಾಹೀರಾತುಗಳನ್ನು ತಡೆಯಲು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2024ರ ನವೆಂಬರ್‌ನಲ್ಲಿ ಮಾರ್ಗಸೂಚಿ ಹೊರಡಿಸಿದೆ. ಮೋಸವಾದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು.

ಪಾಠ ಹೇಳಲು ಹೊರಟ ಯುವಕ ಯುವತಿಯರು ಮೊದಲ ತಿಂಗಳು ಒಂದೇ ಅಧ್ಯಾಯವನ್ನು, ಹತ್ತೇ ಮಕ್ಕಳಿಗೆ, ಹಣ ಪಡೆಯದೆ ಕಲಿಸಿ ನೋಡುವುದು ಒಳ್ಳೆಯದು. ಇಬ್ಬರು ಶಿಕಾರಿಪುರ ಪೇಟೆಯವರಿರಲಿ, ಇಬ್ಬರು ಚಂದ್ರಗುತ್ತಿಯ ಕಡೆಯವರಿರಲಿ. ಯಾರ ಫೋನಿನಲ್ಲಿ ಎಲ್ಲಿ ನಿಂತಿತು ಎಂಬುದನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟರೆ ಯಾವ ಪ್ಲಗಿನ್ ಬೇಕೆಂಬುದು ತಾನಾಗಿಯೇ ತಿಳಿಯುತ್ತದೆ. ಆಮೇಲೆ ಬೇಕಾದರೆ ಅಪ್ಪನ ಹತ್ತಿರ ದುಡ್ಡು ಕೇಳಬಹುದು. ಆಗ ತೋರಿಸಲು ಕೈಯಲ್ಲಿ ಲೆಕ್ಕವಾದರೂ ಇರುತ್ತದೆ.