ಕವಾಯತಿನ ಸಾಲು, ಕುಣಿತದ ಸಾಲು

ಕಿತ್ತಳೆ ಬಣ್ಣದ ಸಮವಸ್ತ್ರ ತೊಟ್ಟ ಹೈಸ್ಕೂಲು ಮಕ್ಕಳು ಟ್ರಂಪೆಟ್, ಸ್ಯಾಕ್ಸೊಫೋನ್ ಊದುತ್ತಲೇ ಮೊಣಕಾಲೆತ್ತಿ ಜಿಗಿಯುತ್ತಾರೆ, ಗಿರಕಿ ಹೊಡೆಯುತ್ತಾರೆ, ವಾದ್ಯ ಬಾಯಿಂದ ಸರಿದ ಕೂಡಲೇ ನಗುತ್ತಾರೆ. ಕ್ಯೋಟೊದ ತಾಚಿಬಾನಾ ಹೈಸ್ಕೂಲಿನ ಈ ಬ್ಯಾಂಡಿಗೆ ‘ಆರೆಂಜ್ ಡೆವಿಲ್ಸ್’ ಎಂಬ ಅಡ್ಡಹೆಸರು. 2012 ಮತ್ತು 2018ರಲ್ಲಿ ಕ್ಯಾಲಿಫೋರ್ನಿಯಾದ ರೋಸ್ ಪರೇಡಿನಲ್ಲಿ, 2022ರ ಅಕ್ಟೋಬರ್ 10ರಂದು ತೈವಾನಿನ ರಾಷ್ಟ್ರೀಯ ದಿನಾಚರಣೆಯಲ್ಲಿ ಇವರು ಕುಣಿದು ಬಂದರು. ಅವರು ನುಡಿಸುವ ‘ಸಿಂಗ್, ಸಿಂಗ್, ಸಿಂಗ್’ ಎಂಬ ಜಾಝ್ ಹಾಡು ಕೇಳಿದವರಿಗೆ ಜಪಾನಿನ ಶಾಲಾ ಬ್ಯಾಂಡು ಕೊನೆಗೂ ದಂಡಿನ ಬೂಟು ಕಳಚಿ ಗೆಜ್ಜೆ ಕಟ್ಟಿತು ಅನಿಸಿದರೆ ಆಶ್ಚರ್ಯವಿಲ್ಲ. ಆದರೆ ಅದು ಅರ್ಧ ಸತ್ಯ.

ಬೂಟು ಇದ್ದದ್ದಂತೂ ಹೌದು. 1869ರಲ್ಲಿ ಸಾತ್ಸುಮಾ ಪ್ರಾಂತ್ಯದ ಸುಮಾರು ಮೂವತ್ತು ತರುಣರು ಯೊಕೊಹಾಮಾದ ದೇಗುಲವೊಂದರಲ್ಲಿ ಬ್ರಿಟಿಷ್ ಸೇನೆಯ ಬ್ಯಾಂಡ್ ಮಾಸ್ಟರ್ ಜಾನ್ ವಿಲಿಯಂ ಫೆಂಟನ್ ಬಳಿ ಪಾಠಕ್ಕೆ ಕೂತರು. ಆಮೇಲೆ ನೌಕಾಪಡೆಗೆ ಜರ್ಮನಿಯ ಫ್ರಾಂಜ್ ಎಕರ್ಟ್ ಬಂದ, ಭೂಸೇನೆಗೆ ಫ್ರಾನ್ಸಿನ ಷಾರ್ಲ್ ಲರೂ ಬಂದ. ಶಿಕ್ಷಣ ಸಚಿವ ಮೋರಿ ಅರಿನೋರಿಯ ಕಾಲದಲ್ಲಿ ಸೈನಿಕ ಮಾದರಿಯ ವ್ಯಾಯಾಮ ಶಾಲೆಗಳೊಳಗೆ ಕಾಲಿಟ್ಟಿತು. 1925ರಲ್ಲಿ ಸೇನಾಧಿಕಾರಿಗಳನ್ನೇ ಶಾಲೆಗಳಿಗೆ ನೇಮಿಸಿದರು. ಜಪಾನಿನ ಮೊದಲ ರಾಷ್ಟ್ರೀಯ ಬ್ಯಾಂಡ್ ಸ್ಪರ್ಧೆ ನಡೆದದ್ದು 1940ರಲ್ಲಿ, ಯುದ್ಧದ ನಡುವೆ.

1943ರ ಅಕ್ಟೋಬರ್ 21. ಟೋಕಿಯೊದ ಮೇಜಿ ಜಿಂಗು ಕ್ರೀಡಾಂಗಣದಲ್ಲಿ ಜಿಟಿಜಿಟಿ ಮಳೆ. ಓದು ಅರ್ಧಕ್ಕೆ ಬಿಟ್ಟು ಯುದ್ಧಕ್ಕೆ ಹೊರಟ ಕಾಲೇಜು ಹುಡುಗರು ಹೆಗಲಿಗೆ ಬಂದೂಕು ಏರಿಸಿ ಕೆಸರು ತುಳಿಯುತ್ತಾ ಸಾಗಿದರು. ಸೇನೆಯ ಬ್ಯಾಂಡು ನುಡಿಸಿದ್ದು ಲರೂ ರಚಿಸಿದ ನಡೆಗೀತ. ಅದೇ ವರ್ಷದ ಜನವರಿಯಲ್ಲಿ ಸರ್ಕಾರ ಸುಮಾರು ಸಾವಿರ ಅಮೆರಿಕನ್, ಬ್ರಿಟಿಷ್ ಹಾಡುಗಳನ್ನು ಶತ್ರುವಿನ ಸಂಗೀತವೆಂದು ನಿಷೇಧಿಸಿತ್ತು. ಜಾಝ್ ಕೂಡ ಅದರಲ್ಲಿ ಹೋಯಿತು. ಪರದೇಶದ ಜಾಝ್ ಬೇಡವಾಯಿತು, ಪರದೇಶದವನೇ ಕಟ್ಟಿದ ನಡೆಗೀತ ಮಾತ್ರ ದೇಶಭಕ್ತಿಯಾಯಿತು!

ಹಾಗಾಗಿ ಒಂದು ರಾಗ ಸೇನೆಯದೋ ಕಲೆಯದೋ ಎಂದು ಅದರ ಹುಟ್ಟಿನಿಂದ ತೀರ್ಮಾನಿಸುವುದು ಕಷ್ಟ. ಜಪಾನ್ ಯುದ್ಧದಲ್ಲಿ ಸೋತ ಮೇಲೆ ಸೇನೆಯ ಬ್ಯಾಂಡುಗಳು ವಿಸರ್ಜನೆಯಾದವು. ನೌಕಾಪಡೆಯ ಬ್ಯಾಂಡ್ ನಾಯಕನಾಗಿದ್ದ ನಾಯ್ತೊ ಸೇಗೊ 1949ರಲ್ಲಿ ಟೋಕಿಯೊ ಅಗ್ನಿಶಾಮಕ ದಳದ ಬ್ಯಾಂಡು ಕಟ್ಟಿದ. ಸೆತೊಗುಚಿ ತೋಕಿಚಿಯ ಯುದ್ಧನೌಕೆ ನಡೆಗೀತವಂತೂ ಪಚಿಂಕೊ ಜೂಜಿನ ಅಂಗಡಿಗಳಲ್ಲಿ ಗಿರಾಕಿಗಳನ್ನು ಕರೆಯುವ ಸಂಗೀತವಾಯಿತು. ಹಳೆಯ ನೌಕಾಧಿಕಾರಿಗಳಿಗೆ ಅದು ಎಷ್ಟು ಉರಿದಿರಬೇಕೋ!

ಇನ್ನು ನೇರ ಸಾಲಿನ ವಿಚಾರ. ಜಪಾನಿನ ಮಾರ್ಚಿಂಗ್ ಬ್ಯಾಂಡಿನಲ್ಲಿ ಐದು ಮೀಟರಿಗೆ ಎಂಟು ಹೆಜ್ಜೆ, ಅಂದರೆ ಹೆಜ್ಜೆಗೆ 62.5 ಸೆಂಟಿಮೀಟರ್. ಹಳೆಯ ಕಾಲಾಳು ಸೈನಿಕನ ಹೆಜ್ಜೆ 75 ಸೆಂಟಿಮೀಟರ್. ಸೈನಿಕನಿಗೆ ದೂರ ಕ್ರಮಿಸಬೇಕು. ಬ್ಯಾಂಡಿನ ಹುಡುಗಿಗೆ ಮೂವತ್ತು ಮೀಟರ್ ಚೌಕದೊಳಗೆ ಸಂಗಾತಿಗಳ ಜೊತೆ ಆಕಾರ ಕಟ್ಟಬೇಕು. ಹಿಮ್ಮಡಿ ಮೊದಲು ಊರಿ, ಪಾದವನ್ನು ಮೆಲ್ಲಗೆ ಬೆರಳ ತುದಿಗೆ ಉರುಳಿಸುವ ನಡಿಗೆ ಸಿಪಾಯಿಯ ಠೀವಿಗಾಗಿ ಅಲ್ಲ. ಮೈ ಕುಲುಕಿದರೆ ಟ್ಯೂಬಾದ ಊದುಬಾಯಿ ತುಟಿಗೆ ಬಡಿದು ಸ್ವರ ಒಡೆಯುತ್ತದೆ. ಸ್ವರ ಒಡೆಯದಂತೆ ಜಿಗಿಯುವ ತಾಚಿಬಾನಾ ಮಕ್ಕಳಿಗೆ ಇನ್ನೂ ಕಠಿಣ ತಾಲೀಮು ಬೇಕು. ಕುಣಿಯುವ ಬ್ಯಾಂಡು ಸ್ವತಂತ್ರ, ನೆಟ್ಟಗೆ ನಡೆಯುವ ಬ್ಯಾಂಡು ಗುಲಾಮ ಎಂಬ ಲೆಕ್ಕ ಇಲ್ಲಿ ಕೈಕೊಡುತ್ತದೆ. ರೋಸ್ ಪರೇಡಿನ ಸುಮಾರು 9 ಕಿಲೋಮೀಟರ್ ದಾರಿಯನ್ನು ಕುಣಿಯುತ್ತ ಮುಗಿಸಲು ಹುಮ್ಮಸ್ಸೊಂದೇ ಸಾಲದು.

ದಂಡಿನ ಗುಣ ಎಲ್ಲಾದರೂ ಉಳಿದಿದ್ದರೆ ಅದನ್ನು ಮೈದಾನದಲ್ಲಿ ಅಲ್ಲ, ತಾಲೀಮಿನ ಕೋಣೆಯಲ್ಲಿ ಹುಡುಕಬೇಕು. ಹಿರಿಯ ವಿದ್ಯಾರ್ಥಿ ಹೇಳಿದ್ದನ್ನು ಕಿರಿಯರು ತುಟಿ ಬಿಚ್ಚದೆ ಪಾಲಿಸುವ ಪದ್ಧತಿ, ಬೆಳಗಿನ ಅಭ್ಯಾಸ, ಸಂಜೆಯ ಅಭ್ಯಾಸ, ಭಾನುವಾರವೂ ಅಭ್ಯಾಸ. ಜಪಾನಿನ ಪತ್ರಿಕೆಗಳು ಇಂಥ ಶಾಲಾ ಕ್ಲಬ್ಬುಗಳನ್ನು ‘ಕಪ್ಪು ಕ್ಲಬ್ಬು’ ಎಂದೇ ಕರೆಯುತ್ತವೆ. 2018ರ ಡಿಸೆಂಬರಿನಲ್ಲಿ ಅಲ್ಲಿನ ಸಾಂಸ್ಕೃತಿಕ ಇಲಾಖೆ ಮಾರ್ಗಸೂಚಿ ಹೊರಡಿಸಿತು: ವಾರಕ್ಕೆ ಕನಿಷ್ಠ ಎರಡು ದಿನ ರಜೆ, ಶಾಲಾ ದಿನಗಳಲ್ಲಿ ಎರಡು ಗಂಟೆ, ರಜಾದಿನಗಳಲ್ಲಿ ಮೂರು ಗಂಟೆ ಮಾತ್ರ ಅಭ್ಯಾಸ. ಆಟಕ್ಕಷ್ಟೇ ಬೇಕು ಎನಿಸಿದ್ದ ಲಗಾಮು ಸಂಗೀತಕ್ಕೂ ಬೇಕಾಯಿತು.

ಮಕ್ಕಳೇ ಇಷ್ಟಪಟ್ಟು ಸೇರುತ್ತಾರಲ್ಲ, ಯಾರೂ ಬಲವಂತ ಮಾಡುವುದಿಲ್ಲವಲ್ಲ ಎನ್ನಬಹುದು. ಹೌದು, ನಾಲ್ಕು ಜನರ ಉಸಿರು ಒಂದಾದಾಗ ಸಿಗುವ ಸುಖ ಒಂಟಿಯಾಗಿ ನುಡಿಸಿದರೆ ಸಿಗದು. ಆದರೆ ಸೇರುವುದು ಸ್ವಂತ ಇಷ್ಟವಾದ ಮಾತ್ರಕ್ಕೆ ಬಿಡುವುದೂ ಅಷ್ಟೇ ಸುಲಭ ಅಂತಲ್ಲ. ತುಟಿ ಊದಿಕೊಂಡ ಹುಡುಗಿ ಈ ವಾರ ಬರಲಾರೆ ಎಂದರೆ ಸಾಲಿನಲ್ಲಿ ಅವಳ ಜಾಗ ಉಳಿಯುತ್ತದೆಯೇ? ಜಾಗ ಉಳಿಯುವ ಬ್ಯಾಂಡು ಪಕ್ಕಾ ಮಿಲಿಟರಿ ಅಂಗಿ ತೊಟ್ಟಿದ್ದರೂ ಚಿಂತೆಯಿಲ್ಲ. ಜಾಗ ಉಳಿಯದ ಬ್ಯಾಂಡು ಎಂಥ ಜಾಝ್ ನುಡಿಸಿದರೂ ಅದರ ಒಳಗಿರುವುದು ಸೇನೆಯ ಬ್ಯಾರಕ್ಕೇ.

ಈ ಪ್ರಶ್ನೆ ಈಗ ಶಾಲೆಯ ಗೋಡೆ ದಾಟುತ್ತಿದೆ. 2023ರಿಂದ ಸರ್ಕಾರ ಸರ್ಕಾರಿ ಮಾಧ್ಯಮಿಕ ಶಾಲೆಗಳ ವಾರಾಂತ್ಯದ ಕ್ಲಬ್ಬುಗಳನ್ನು ಊರಿನ ಸಂಘಗಳಿಗೆ ವಹಿಸಲು ಹೊರಟಿದೆ. ಶಿಕ್ಷಕರ ಹೊರೆ ಇಳಿಸಬೇಕು, ಮಕ್ಕಳ ಸಂಖ್ಯೆಯೂ ಕುಸಿಯುತ್ತಿದೆ. ಬ್ಯಾಂಡಿಗೆ ಇದು ಫುಟ್‌ಬಾಲಿನಷ್ಟು ಸಲೀಸಲ್ಲ. ಸೂಸಾಫೋನಿನಂಥ ದೊಡ್ಡ ವಾದ್ಯಗಳು ಶಾಲೆಯ ಆಸ್ತಿ, ಸದ್ದು ಮಾಡಲು ದೊಡ್ಡ ಕೋಣೆ ಬೇಕು, ಸಾಗಿಸಲು ಲಾರಿ ಬೇಕು. ಬಾಡಿಗೆ ಯಾರು ಕೊಡಬೇಕು, ಬೇರೆ ಬೇರೆ ಶಾಲೆಯ ಮಕ್ಕಳು ಒಂದೇ ಸಾಲಿನಲ್ಲಿ ನಿಂತಾಗ ಯಾರ ಮಾತು ನಡೆಯಬೇಕು ಎಂಬುದನ್ನು ಒಂದೊಂದು ಊರೂ ತನ್ನದೇ ರೀತಿಯಲ್ಲಿ ಬಗೆಹರಿಸಿಕೊಳ್ಳಬೇಕಾಗಿದೆ.